ಕುದುರೆ ಒಪ್ಪಿದ ರಕಾರ

ಒಬ್ಬೊಬ್ಬರಿಗೆ ಒಂದೊಂದು ಕಾಟ. ಕೆಲವರು ಎಲ್ಲಿಗೆ ಹೋದರೂ ಕೊಡೆ ಮರೆತು ಬರುತ್ತಾರೆ. ಕೆಲವರು ಯಾವ ಸಾಲಿನಲ್ಲಿ ನಿಂತರೂ ಆ ಸಾಲು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ನನಗೆ ರಕಾರದ ಕಾಟ. ನಾನು ಅದರ ತಂಟೆಗೆ ಹೋಗದೆ ಸುಮ್ಮನಿದ್ದರೂ ಅದು ವಾರಕ್ಕೊಂದು ಸಲ ಎಲ್ಲಿಂದಲೋ ಬಂದು ನನ್ನ ಮಾನ ಕಳೆದು ಹೋಗುತ್ತಿತ್ತು.

ಎಲ್ಲರ ರಕಾರ ನಾಲಿಗೆಯ ತುದಿಯಲ್ಲಿ ಹುಟ್ಟುತ್ತದೆ. ನನ್ನದು ಗಂಟಲಲ್ಲಿ ಹುಟ್ಟಿ ಅಲ್ಲೇ ಬೆಳೆದು ಅಲ್ಲೇ ನೆಲೆಸಿತ್ತು. ಉಪ್ಪುನೀರು ಹಾಕಿ ಗಂಟಲು ಮುಕ್ಕಳಿಸುವಾಗ ಒಂದು ಸದ್ದು ಬರುತ್ತದಲ್ಲ, ಅದೇ. ಬೇರೆ ಯಾವುದಾದರೂ ಊರಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಾನು ಹುಟ್ಟಿದ್ದು ಮೈಸೂರಿನ ಅಗ್ರಹಾರದಲ್ಲಿ. ಊರಿಗೆ ಒಂದು ರಕಾರ, ಬಡಾವಣೆಗೆ ಎರಡು. ಅರಮನೆ, ದಸರಾ, ದೊಡ್ಡ ಗಡಿಯಾರ, ಮಾರ್ಕೆಟ್ಟು, ಯಾವ ಕಡೆ ತಿರುಗಿದರೂ ರಕಾರ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನನಗೆ ‘ಬರಗಾಲ’ ಎನ್ನುವುದಕ್ಕೇ ಆಗುತ್ತಿರಲಿಲ್ಲ.

ಇದರಲ್ಲಿ ನಗುವ ಸಂಗತಿಗಳು ಬೇಕಾದಷ್ಟಿವೆ. ನಗಲಾಗದ್ದು ಒಂದೇ ಇತ್ತು. ನಮ್ಮ ಅಪ್ಪನ ಹೆಸರು ರುದ್ರಾರಾಧ್ಯ. ಮಠದ ಶಾಲೆಯಲ್ಲಿ ಗುಮಾಸ್ತರಾಗಿದ್ದರು, ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡರು. ಅವರಿರುವ ತನಕ ಅವರ ಹೆಸರನ್ನು ನಾನು ಒಂದು ಸಲವೂ ನೆಟ್ಟಗೆ ಹೇಳಿರಲಿಲ್ಲ. ಯಾರಾದರೂ ತಂದೆಯ ಹೆಸರು ಕೇಳಿದರೆ ಜೇಬಿನಿಂದ ಪೆನ್ನು ತೆಗೆದು ಬರೆದು ತೋರಿಸುತ್ತಿದ್ದೆ. ಅಪ್ಪ ಪಕ್ಕದಲ್ಲೇ ನಿಂತು, ಅದೇನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತಿದ್ದರು.

ನಮ್ಮ ಮನೆಯಲ್ಲಿ ನಾಮಕರಣದ ದಿನ ತಂದೆಯೇ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಲಗಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಆ ಹೆಸರು ಹೇಗೆ ಕಿವಿಗೆ ಬೀಳುತ್ತದೋ ಮಗುವಿನ ನಾಲಿಗೆ ಹಾಗೇ ತಿರುಗುತ್ತದೆ ಎಂದು ಅಮ್ಮನ ಗಟ್ಟಿ ನಂಬಿಕೆ. ಅದಕ್ಕೆ ಸಾಕ್ಷಿಯಾಗಿ ನನ್ನನ್ನೇ ತೋರಿಸುತ್ತಿದ್ದಳು. “ನಿನ್ನ ನಾಮಕರಣದ ದಿನ ನಿಮ್ಮಪ್ಪಂಗೆ ನೆಗಡಿಯಾಗಿ ಗಂಟಲು ಕಟ್ಕೊಂಡಿತ್ತು ಕಣೋ. ಬಿಸಿನೀರು ಕುಡೀರಿ ಅಂತ ಬಡ್ಕೊಂಡೆ, ಕೇಳ್ಲಿಲ್ಲ.” ಅಪ್ಪ ಹೋದ ಮೇಲೆ ಅಮ್ಮ ಇನ್ನೊಂದು ತೀರ್ಮಾನ ಮಾಡಿದಳು. ನನಗೆ ಹುಟ್ಟುವ ಮೊದಲ ಮಗುವಿಗೆ ಅಪ್ಪನ ಹೆಸರು. ಗಂಡಾದರೆ ರುದ್ರಾರಾಧ್ಯ, ಹೆಣ್ಣಾದರೆ ರುದ್ರಾಣಿ. ನನಗೆ ಆಗ ಮದುವೆಯೇ ಆಗಿರಲಿಲ್ಲ, ಆದರೂ ಅವತ್ತಿನಿಂದಲೇ ಎದೆ ಡವಡವ ಎನ್ನತೊಡಗಿತು.

ಬೆಟ್ಟದ ಕೆಳಗಿನ ವರ

ತೊಂಬತ್ತರ ದಶಕದ ಮೊದಲಲ್ಲಿ ಹೆಣ್ಣು ನೋಡಲು ನಂಜನಗೂಡಿಗೆ ಹೋದೆವು. ಹೋಗುವ ಮುಂಚೆ ಒಂದು ವಾರ ನಾನು ತಯಾರಿ ಮಾಡಿಕೊಂಡಿದ್ದೆ. ಏನು ಕೇಳಬಹುದು, ಅದಕ್ಕೆ ರಕಾರವಿಲ್ಲದ ಉತ್ತರ ಯಾವುದು ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೆ. ‘ಮೇಷ್ಟ್ರು’ ಎನ್ನುವಂತಿಲ್ಲ, ‘ಪಾಠ ಹೇಳ್ತೀನಿ’ ಎನ್ನಬೇಕು. ಹೀಗೆ.

ಹುಡುಗಿಯ ತಂದೆ ಸಾಧು ಮನುಷ್ಯರು. ಕೇಳಿದ್ದೆಲ್ಲ ನನ್ನ ಪಟ್ಟಿಯೊಳಗಿನದೇ.

“ಏನ್ ಕೆಲಸ ಮಾಡ್ತೀರಿ?”

“ಪಾಠ ಹೇಳ್ತೀನಿ.”

“ಯಾವ ವಿಷಯ?”

“ಗಣಿತ.”

“ಮನೇಲಿ ಯಾರ್ಯಾರಿದ್ದೀರಿ?”

“ಅಮ್ಮ, ನಾನು.”

“ತಂದೆಯವರು?”

ನಾನು ಎರಡೂ ಕೈ ಜೋಡಿಸಿ ಸೂರಿನ ಕಡೆ ನೋಡಿದೆ. ಅವರೂ ಕೈ ಜೋಡಿಸಿದರು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಅಷ್ಟರಲ್ಲಿ, “ಮನೆ ಮೈಸೂರಲ್ಲಿ ಯಾವ ಕಡೆ?” ಎಂದರು. ಇದಕ್ಕೆ ಉತ್ತರ ಹುಡುಕುವುದನ್ನೇ ನಾನು ಮರೆತಿದ್ದೆ. ಅಗ್ರಹಾರ ಎನ್ನುವಂತಿಲ್ಲ. ಅರಮನೆ ಹತ್ತಿರ ಎಂದರೆ ಒಂದೇ ಉಸಿರಿಗೆ ಎರಡು. ಕಿಟಕಿಯ ಕಡೆ ನೋಡಿದೆ, ದೂರದಲ್ಲಿ ಬೆಟ್ಟ ಕಂಡಿತು. ದೇವಿಯೇ ದಾರಿ ತೋರಿಸಿದ ಹಾಗಾಯಿತು.

“ಚಾಮುಂಡಿ ಬೆಟ್ಟದ ಕೆಳಗೆ,” ಎಂದೆ.

“ಹುಡುಗ ಮಿತಭಾಷಿ,” ಎಂದು ಅವರು ಹೆಂಡತಿಯ ಕಡೆ ತಿರುಗಿ ತಲೆ ಆಡಿಸಿದರು.

ಅವರಿಗೆ ಒಂದು ಪದ್ಧತಿ ಇತ್ತು. ಹುಡುಗನ ಮನೆಯನ್ನು ಹೇಳದೆ ಕೇಳದೆ ಹೋಗಿ ನೋಡಬೇಕು, ಆಗಲೇ ಮನೆತನ ಹೇಗೆ ಎಂದು ಗೊತ್ತಾಗುವುದು. ಹಾಗಾಗಿ ಮದುವೆ ಮಾತು ತಂದವರನ್ನೂ ವಿಳಾಸ ಕೇಳದೆ, ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬಂದು ಸೀದಾ ಬೆಟ್ಟದ ತಪ್ಪಲಿಗೆ ಹೋದರು. ಅಲ್ಲಿ ಸಿಕ್ಕಸಿಕ್ಕವರನ್ನೆಲ್ಲ “ಇಲ್ಲಿ ಗಣಿತದ ಮೇಷ್ಟ್ರು ಮನೆ ಯಾವುದು?” ಎಂದು ಕೇಳಿದರು. ದುರದೃಷ್ಟಕ್ಕೆ ಅಲ್ಲೊಬ್ಬರು ಗಣಿತದ ಮೇಷ್ಟ್ರು ಇದ್ದೇ ಇದ್ದರು. ಬಾಗಿಲು ತಟ್ಟಿದರೆ ಒಳಗಿನಿಂದ ಬಂದವರಿಗೆ ತಲೆ ಪೂರ್ತಿ ನರೆತಿತ್ತು, ಎರಡೂ ಕಂಕುಳಲ್ಲಿ ಒಂದೊಂದು ಮೊಮ್ಮಗು.

ಕೊನೆಗೆ ಮದುವೆ ಮಾತು ತಂದವರ ಮನೆ ಹುಡುಕಿ, ವಿಳಾಸ ತಿಳಿದುಕೊಂಡು, ಅಗ್ರಹಾರಕ್ಕೆ ಬಂದು ನಮ್ಮ ಬಾಗಿಲಲ್ಲಿ ನಿಂತಾಗ ಮಧ್ಯಾಹ್ನ ಮೂರಾಗಿತ್ತು. ಧೂಳು ಮೊಣಕಾಲಿನ ತನಕ. ಅಮ್ಮ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿ, “ಅಲ್ಲಮ್ಮಾ, ಹುಡುಗ ಬೆಟ್ಟದ ಕೆಳಗೆ ಅಂದಿದ್ರಲ್ಲ?” ಎಂದರು.

ಅಮ್ಮ ಮಗನನ್ನು ಬಿಟ್ಟುಕೊಡುವವಳಲ್ಲ. “ಸುಳ್ಳೇನಿಲ್ವಲ್ಲ! ಇಡೀ ಮೈಸೂರೇ ಬೆಟ್ಟದ ಕೆಳಗಿರೋದು ಅಲ್ವಾ?”

ಮದುವೆ ಆಯಿತು. ನನ್ನ ಹೆಂಡತಿಗೆ ಮೊದಲ ದಿನವೇ ಗುಟ್ಟು ತಿಳಿದಿತ್ತಂತೆ. “ನೀವು ಮಾತಾಡೋದು ನೋಡಿದ್ರೆ ನೀರು ನಿಂತಿರೋ ರಸ್ತೇಲಿ ಪಂಚೆ ಎತ್ಕೊಂಡು ನಡಿಯೋರ ಹಾಗಿತ್ತು. ಎಲ್ಲೋ ಏನೋ ದಾಟ್ತಾ ಇದ್ದಾರೆ ಅಂದ್ಕೊಂಡೆ,” ಎಂದಳು.

ಸ್ವಾವಲಂಬನೆ

ನಾನು ಪಾಠ ಹೇಳುತ್ತಿದ್ದದ್ದು ಕುವೆಂಪುನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಗಣಿತವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರೆ ಸಾಕು, ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಹಾಜರಿ ಕೂಗಬೇಕು ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ನನಗೆ ಕೊಟ್ಟಿದ್ದ ಒಂಬತ್ತನೆಯ ತರಗತಿಯಲ್ಲಿ ರವಿಗಳೇ ಮೂರು ಜನ. ರಾಜು, ರಾಜೇಶ್ವರಿ, ಪ್ರಭಾಕರ, ಚಂದ್ರಶೇಖರ ಬೇರೆ. ಅಪ್ಪ ಅಮ್ಮಂದಿರೆಲ್ಲ ಸೇರಿ ನನ್ನ ಮೇಲೆ ಹಗೆ ತೀರಿಸಿಕೊಂಡ ಹಾಗಿತ್ತು. ಸರಿ, ನಂಬರ್ ಕೂಗೋಣ ಎಂದರೆ ಒಂದಾದ ಮೇಲೆ ಎರಡು, ಅದಾದ ಮೇಲೆ ಮೂರು. ಎರಡನೆಯ ಹೆಜ್ಜೆಗೇ ಮುಗ್ಗರಿಸಿ ಬೀಳುವ ವ್ಯವಸ್ಥೆ. ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆ. ಮಕ್ಕಳೇ ಒಬ್ಬೊಬ್ಬರಾಗಿ ಎದ್ದು ತಮ್ಮ ನಂಬರ್ ತಾವೇ ಕೂಗಿ ಕೂರುವುದು. ನಾನು ತಲೆ ತಗ್ಗಿಸಿಕೊಂಡು ರಿಜಿಸ್ಟರಿನಲ್ಲಿ ಗುರುತು ಹಾಕುವುದು.

ಒಂದು ದಿನ ಹೆಡ್‌ಮಾಸ್ಟರು ಕಿಟಕಿಯ ಹೊರಗೆ ನಿಂತು ಇದನ್ನು ಕೇಳಿಸಿಕೊಂಡರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಸಂಜೆ ಎಲ್ಲ ಉಪಾಧ್ಯಾಯರನ್ನೂ ಸೇರಿಸಿ, “ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಇಂಥಾದ್ದು ನೋಡಿರಲಿಲ್ಲ. ಮಕ್ಕಳಿಗೆ ಸ್ವಾವಲಂಬನೆ ಕಲಿಸೋದು ಅಂದ್ರೆ ಇದು. ನಾಳೆಯಿಂದ ಎಲ್ಲಾ ಕ್ಲಾಸಲ್ಲೂ ಹೀಗೇ ಆಗ್ಬೇಕು. ಮೇಷ್ಟ್ರೇ, ಈ ವಿಧಾನದ ಬಗ್ಗೆ ಒಂದೆರಡು ಮಾತು ಹೇಳಿ,” ಎಂದರು.

ಎದ್ದು ನಿಂತೆ. ‘ಹಾಜರಿ’ ಎನ್ನದೆ ಹಾಜರಿಯ ಬಗ್ಗೆ ಏನು ಹೇಳುವುದು? “ಮಕ್ಕಳನ್ನೇ ಕೇಳಿ,” ಎಂದು ಕೂತುಬಿಟ್ಟೆ.

ಹೆಡ್‌ಮಾಸ್ಟರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ನೋಡಿ, ನೋಡಿ! ಹೆಸ್ರೂ ಬೇಡ, ಕೀರ್ತೀನೂ ಬೇಡ. ಎಲ್ಲಾ ಮಕ್ಕಳಿಗೇ!”

ಆರು ತಿಂಗಳು ನಮ್ಮ ಶಾಲೆಯಲ್ಲಿ ಒಂದು ಮಗುವೂ ರಜೆ ಹಾಕಲಿಲ್ಲ. ಮಳೆ ಬರಲಿ, ಕ್ರಿಕೆಟ್ ಇರಲಿ, ಹಾಜರಿ ಪೂರ್ತಿ. ತಪಾಸಣೆಗೆ ಬಂದ ಅಧಿಕಾರಿಗಳು ಒಂಬತ್ತನೆಯ ತರಗತಿಗೆ ಹೋಗಿ ರಿಜಿಸ್ಟರ್ ನೋಡಿದರು, ಐವತ್ತೆರಡು. ಬೆಂಚಿನ ಮೇಲಿದ್ದ ತಲೆಗಳನ್ನು ಎಣಿಸಿದರು, ಮೂವತ್ತೊಂಬತ್ತು. ಇದ್ದ ಮಕ್ಕಳು ಇಲ್ಲದ ಗೆಳೆಯರ ಪರವಾಗಿಯೂ ದನಿ ಬದಲಿಸಿ ಕೂಗುತ್ತಿದ್ದರು ಎನ್ನುವುದು, ತಲೆ ತಗ್ಗಿಸಿಕೊಂಡಿದ್ದ ನನಗೆ ಗೊತ್ತೇ ಆಗಿರಲಿಲ್ಲ.

“ಉಳಿದ ಹದಿಮೂರು ಜನ ಎಲ್ಲಿ?” ಎಂದರು ಅಧಿಕಾರಿಗಳು.

ಹೆಡ್‌ಮಾಸ್ಟರು ನನ್ನನ್ನು ಒಂದು ಸಲ, ಬೆಂಚುಗಳನ್ನು ಒಂದು ಸಲ ನೋಡಿ ಹೇಳಿದರು: “ಅವರಲ್ಲಿ ಸ್ವಾವಲಂಬನೆ ಸ್ವಲ್ಪ ಜಾಸ್ತಿ ಆಗಿದೆ ಸಾರ್.”

ಇಪ್ಪತ್ತೊಂಬತ್ತು ವರ್ಷದ ಮಗು

ನನ್ನ ಹೆಂಡತಿಗೆ ಐದು ತಿಂಗಳಾದಾಗ ಅಮ್ಮ ಮಾರ್ಕೆಟ್ಟಿನ ಹತ್ತಿರ ನಾರುಬೇರು ಮಾರುವ ಗ್ರಂದಿಗೆ ಅಂಗಡಿಯಿಂದ ಒಂದು ತುಂಡು ಬಜೆ ತಂದಳು. ಬಜೆಯ ಬೇರನ್ನು ತೇಯ್ದು, ಜೇನುತುಪ್ಪದಲ್ಲಿ ಕಲಸಿ, ಎಳೆಮಕ್ಕಳ ನಾಲಿಗೆಗೆ ಒಂದಿಷ್ಟು ತಾಗಿಸಿದರೆ ಮಾತು ಸ್ಪಷ್ಟವಾಗುತ್ತದೆ ಎಂದು ನಮ್ಮಲ್ಲಿ ಎಲ್ಲ ಅಜ್ಜಿಯರೂ ಹೇಳುತ್ತಾರೆ. ಮಗು ಬರುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಬಜೆ ಸುಮ್ಮನೆ ಡಬ್ಬಿಯಲ್ಲಿ ಕೂತಿರುವುದು ಅಮ್ಮನಿಗೆ ಸರಿ ಕಾಣಲಿಲ್ಲ.

“ನಾಮಕರಣದಲ್ಲಿ ಹೆಸ್ರು ಹೇಳೋನು ನೀನು. ನಿನ್ನ ನಾಲ್ಗೆ ನೆಟ್ಟಗಾಗ್ದೆ ಮಗು ನಾಲ್ಗೆ ಎಲ್ಲಿ ನೆಟ್ಟಗಾಗತ್ತೆ? ಆ ಮಾಡು,” ಎಂದಳು.

ಬಸುರಿಗೆ ಬಯಕೆ, ನನಗೆ ಬಜೆ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಹಜಾರದ ಕಂಬಕ್ಕೆ ಒರಗಿ ಕೂತು ನಾಲಿಗೆ ಹೊರಗೆ ಹಾಕಬೇಕು. ಅಮ್ಮ ಬೆರಳಲ್ಲಿ ತಿಕ್ಕುತ್ತಿದ್ದಳು. ಮಗುವಿಗಾದರೆ ಒಂದು ಚುಕ್ಕೆ, ನನ್ನ ಗಾತ್ರಕ್ಕೆ ತಕ್ಕ ಹಾಗೆ ಒಂದು ಚಮಚ. ಆ ಖಾರಕ್ಕೆ, ಆ ಕಹಿಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎಂಟು ಗಂಟೆಯ ತನಕ ನಾಲಿಗೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನನ್ನ ಹೆಂಡತಿ ಎದುರಿಗೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಸಾಕು ನಗಬೇಡ ಕಣೇ, ಒಳಗಿರೋದೂ ನಗುತ್ತೆ,” ಎಂದು ಅಮ್ಮ ಗದರುತ್ತಿದ್ದಳು.

ಎರಡು ತಿಂಗಳಲ್ಲಿ ಮೂರು ತುಂಡು ಬಜೆ ಮುಗಿಯಿತು. ರಕಾರ ಇದ್ದಲ್ಲೇ ಇತ್ತು. ನಾಲ್ಕನೆಯದಕ್ಕೆ ಅಂಗಡಿಗೆ ಹೋದಾಗ ನಾನೂ ಅಮ್ಮನ ಜೊತೆಗಿದ್ದೆ. ಅಂಗಡಿಯವರಿಗೆ ಗಾಬರಿಯಾಗಿತ್ತು. “ತಾಯೀ, ಇಷ್ಟು ಬಜೆ ಎಳೆ ಕೂಸಿಗೆ ಆಗಲ್ಲ. ಮಗೂಗೆ ಎಷ್ಟು ತಿಂಗಳಾಯ್ತು?”

ಅಮ್ಮ ನಿಜ ಹೇಳುವವಳು. ನನ್ನ ಕಡೆ ಕೈ ತೋರಿಸಿ, “ಇಪ್ಪತ್ತೊಂಬತ್ತು ವರ್ಷ,” ಎಂದಳು.

ನನ್ನ ರಕಾರಕ್ಕೂ ಒಂದು ದೇಶ

ಆ ಹೊತ್ತಿಗೆ ಮೈಸೂರಿಗೆ ಯೋಗ ಕಲಿಯಲು ಹೊರದೇಶದವರು ಬರುವುದು ಹೆಚ್ಚಾಗಿತ್ತು. ಅವರಲ್ಲಿ ಕೆಲವರಿಗೆ ತರಕಾರಿ, ಆಟೋ, ಹಾಲು ಎನ್ನುವಷ್ಟು ಕನ್ನಡ ಬೇಕಿತ್ತು. ನನ್ನ ಸಹೋದ್ಯೋಗಿಯೊಬ್ಬರು ಮೂವರನ್ನು ನನ್ನ ಹತ್ತಿರ ಕಳಿಸಿಬಿಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ.

ಒಬ್ಬ ಸ್ಪೇನಿನ ಯುವಕ. ಅವರ ಭಾಷೆಯಲ್ಲಿ ಎರಡು ರಕಾರವಂತೆ, ಒಂದು ಸಣ್ಣದು, ಒಂದು ಉದ್ದಕ್ಕೆ ಉರುಳಿಸುವುದು. ಮೊದಲ ದಿನ ಅವನು ದೊಡ್ಡ ರಕಾರವನ್ನು ಉರುಳಿಸಿ ತೋರಿಸಿದಾಗ ಅಡಿಗೆಮನೆಯಿಂದ ಅಮ್ಮ, “ಇಷ್ಟೊತ್ನಲ್ಲಿ ಮಿಕ್ಸಿ ಯಾರು ಹಾಕಿದ್ದು?” ಎಂದು ಕೇಳಿದಳು. ಇನ್ನೊಬ್ಬಳು ಜಪಾನಿನ ಹುಡುಗಿ. ಅವಳ ನಾಲಿಗೆ ರಕಾರವನ್ನು ಒಂದೇ ಸಲ ತಟ್ಟಿ ಬಿಡುತ್ತಿತ್ತು, ಬೀದಿಯ ಮಕ್ಕಳು ಬಾಗಿಲು ಬಡಿದು ಓಡಿಹೋದ ಹಾಗೆ. ಬಾಗಿಲು ತೆಗೆದು ನೋಡಿದರೆ ಅಲ್ಲಿ ರಕಾರವೂ ಇಲ್ಲ, ಲಕಾರವೂ ಇಲ್ಲ.

ಮೂರನೆಯವರು ಫ್ರಾನ್ಸಿನ ಹೆಂಗಸು. ಅವರು ಕೂತು, ಚಾಪೆ ಸರಿಮಾಡಿಕೊಂಡು, “ನಮಸ್ಕಾರ” ಎಂದರು. ನನಗೆ ಮೈ ಜುಮ್ಮೆಂದಿತು. ಅದು ನನ್ನ ರಕಾರ! ಅದೇ ಗಂಟಲು, ಅದೇ ಗೊರಗೊರ. ಮೂವತ್ತು ವರ್ಷ ಒಬ್ಬನೇ ಹೊತ್ತು ತಿರುಗಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ, ದೂರದ ಊರಲ್ಲಿ ನಮ್ಮ ಬೀದಿಯವರು ಸಿಕ್ಕಷ್ಟು ಸಂತೋಷವಾಯಿತು. ನಿಮ್ಮಲ್ಲಿ ಎಲ್ಲರೂ ಹೀಗೇ ಹೇಳುತ್ತಾರಾ ಎಂದು ಕೇಳಿದೆ. ಬಹುತೇಕ ಎಲ್ಲರೂ ಹೀಗೇ ಎಂದರು. ಹಳ್ಳಿಗಾಡಿನ ಕೆಲವು ಮುದುಕರು ನಾಲಿಗೆಯ ತುದಿಯಲ್ಲಿ ಉರುಳಿಸುತ್ತಾರೆ, ಪಟ್ಟಣದವರು ಅವರನ್ನು ನೋಡಿ ನಗುತ್ತಾರೆ ಎಂದೂ ಸೇರಿಸಿದರು.

ಆದರೆ ಅವರಿಗೆ ಶ್ಲೋಕ ಹೇಳಬೇಕಿತ್ತು, ಅದಕ್ಕೆ ಉರುಳುವ ರಕಾರವೇ ಬೇಕಿತ್ತು. ನಾನು ಏನು ಕಲಿಸಲಿ? ಸ್ಪೇನಿನವನು ಉರುಳಿಸುವುದು, ನಾವಿಬ್ಬರೂ ಅವನ ಬಾಯಿ ನೋಡಿಕೊಂಡು ಗೊರಗುಟ್ಟುವುದು. ಆರು ವಾರ ಹೀಗೆ ನಡೆಯಿತು. ಒಂದು ಸಂಜೆ ಆಕೆ ಮುಖ ಸಣ್ಣ ಮಾಡಿಕೊಂಡು ಬಂದರು. ಮಾರ್ಕೆಟ್ಟಿನಲ್ಲಿ “ಮೂರು ಮೊಳ ಮಲ್ಲಿಗೆ” ಎಂದು ಕೇಳಿದರಂತೆ. ಹೂವಿನವಳು ಮೊಳ ಹಾಕುತ್ತಾ, “ಅಗ್ರಾರದ ಮೇಷ್ಟ್ರತ್ರ ಕಲ್ತ್ರಾ ಅಮ್ಮಾ? ಬಾಯ್ ಬುಟ್ಟೇಟ್ಗೇ ಗೊತ್ತಾಯ್ತದೆ ಬುಡಿ,” ಎಂದಳಂತೆ. ಫ್ರಾನ್ಸಿನಲ್ಲಿ ಹುಟ್ಟಿದ ರಕಾರದ ಅಪವಾದವೂ ನನ್ನ ತಲೆಗೇ ಬಂತು.

ಇಡೀ ಒಂದು ದೇಶ ನನ್ನ ಹಾಗೇ ಮಾತಾಡುತ್ತದೆ ಎಂದು ಅಮ್ಮನಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಬಜೆ ತೇಯುವುದನ್ನು ನಿಲ್ಲಿಸಲಿಲ್ಲ. “ಮೊದ್ಲೇ ಗೊತ್ತಿದ್ರೆ ಅಲ್ಲೇ ಹೆತ್ತು ಬರ್ತಿದ್ದೆ ಕಣೋ. ಈಗ ಆ ಮಾಡು.”

ಬಂಡಿಯ ಪಾಠ

ಅಗ್ರಹಾರದ ಇನ್ನೊಂದು ತುದಿಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಒಬ್ಬರಿದ್ದರು. ಎಲ್ಲರೂ ಅವರನ್ನು ಪಂಡಿತರು ಎನ್ನುತ್ತಿದ್ದೆವು. ಮಂಡಿನೋವು, ಕೈಯಲ್ಲೊಂದು ಕೋಲು, ತಲೆ ತುಂಬ ಹಳಗನ್ನಡ. ಅವರಿಗೆ ಒಂದೇ ಒಂದು ಕೊರತೆ. ಮಾತಿನ ಮೊದಲಿಗೆ ಬರುವ ಹಕಾರ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಹಳಗನ್ನಡ ‘ಅಳಗನ್ನಡ’ವಾಗುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ಬಂದಿರಲಿಲ್ಲ.

ನನ್ನ ಕಷ್ಟ ಕೇಳಿ ಪಂಡಿತರು ನಕ್ಕರು. “ಬಜೆ ಪಜೆ ಎಲ್ಲ ಇರಲಯ್ಯಾ. ಅಳಗನ್ನಡದಲ್ಲಿ ಇನ್ನೊಂದು ರಕಾರ ಇತ್ತು, ಶಕಟರೇಫ ಅಂತ. ಶಕಟ ಅಂದ್ರೆ ಬಂಡಿ. ಬಂಡಿ ಗಾಲಿ ಎಂಗೆ ಉರುಳ್ತದೋ ಅಂಗೆ ನಾಲಿಗೆ ಉರುಳಬೇಕು. ಬಂಡಿ ಅತ್ತದೇ ಇರೋನಿಗೆ ಬಂಡಿ ರಕಾರ ಎಂಗೆ ಬರುತ್ತೆ?” ಆ 'ಶಕಟ' ಎನ್ನುವ ಹೆಸರಿಗೆ ಬೇರೆ ವಿದ್ವಾಂಸರು ಬೇರೆ ಕಾರಣ ಹೇಳುತ್ತಾರಂತೆ. ಪಂಡಿತರು ಅದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡವರಲ್ಲ.

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಪಂಡಿತರೂ ನಾನೂ ಜಟಕಾ ಗಾಡಿ ಹತ್ತಿ ಅರಮನೆಯ ಸುತ್ತ ಮೂರು ಸುತ್ತು ಹಾಕುವುದು ಶುರುವಾಯಿತು. ಗಾಲಿಗಳ ಕುಲುಕಾಟಕ್ಕೆ ನಾಲಿಗೆ ತಾನಾಗಿ ಕುಲುಕುತ್ತದೆ ಎಂದು ಪಂಡಿತರ ಸಿದ್ಧಾಂತ. ನನ್ನ ಹೊಟ್ಟೆ ಕುಲುಕಿತು, ಸೊಂಟ ಕುಲುಕಿತು, ನಾಲಿಗೆ ಕಟ್ಟಿಗೆಯ ಹಾಗೆ ಇತ್ತು. ಪಂಡಿತರು ಕೋಲಿನಿಂದ ತಾಳ ಹಾಕುತ್ತಾ, “ಅಂಗಲ್ಲಯ್ಯಾ, ಇಂಗೆ!” ಎನ್ನುತ್ತಿದ್ದರು.

ಜಟಕಾ ಹೊಡೆಯುತ್ತಿದ್ದ ಸಾಹೇಬರು ಎರಡು ಭಾನುವಾರ ಇದನ್ನು ಸುಮ್ಮನೆ ಕೇಳಿಸಿಕೊಂಡರು. ಅವರು ಚಾವಟಿ ಮುಟ್ಟುವವರಲ್ಲ. ನಾಲಿಗೆಯ ತುದಿಯಲ್ಲಿ ಒಂದು “ಟುರ್ರ್ರ್” ಎಂದರೆ ಕುದುರೆ ಹೊರಡುತ್ತಿತ್ತು, “ಹೋ” ಎಂದರೆ ನಿಲ್ಲುತ್ತಿತ್ತು. ಮೂರನೆಯ ಭಾನುವಾರ ಹಿಂದೆ ತಿರುಗಿ ಹೇಳಿದರು: “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಾಲ್ಗೇನ ಅಷ್ಟು ಬಿಗಿ ಹಿಡಿದ್ರೆ ಹೆಂಗೆ? ಲಗಾಮು ಬಿಗಿ ಹಿಡ್ಕೊಂಡು ಕುದ್ರೆಗೆ ಹೋಗು ಅಂದ್ರೆ ಹೋಗ್ತದಾ? ಸಡ್ಲ ಬಿಡಿ. ಉಸ್ರು ಬಿಡಿ. ಅದೇ ಓಡ್ತದೆ. ನನ್ನ ಕುದ್ರೆ ಹೊರಟ್ರೆ ನೀವು ಪಾಸು.”

ಅವತ್ತಿನಿಂದ ಪರೀಕ್ಷೆ ಕುದುರೆಯದು. ನಾನು ಹಿಂದಿನಿಂದ ಗೊರಗುಟ್ಟುತ್ತಿದ್ದೆ, ಕುದುರೆ ಕಿವಿ ಅಲ್ಲಾಡಿಸಿ ನಿಂತಲ್ಲೇ ನಿಂತಿರುತ್ತಿತ್ತು. ಕೆಲವು ಸಲ ಕತ್ತು ತಿರುಗಿಸಿ ನನ್ನನ್ನು ನೋಡುತ್ತಿತ್ತು. ನನ್ನ ವಿದ್ಯಾರ್ಥಿಗಳನ್ನು ನಾನು ಎಂದೂ ಹಾಗೆ ನೋಡಬಾರದು ಎಂದು ಆಗಲೇ ನಿಶ್ಚಯಿಸಿದೆ.

ಈ ನಡುವೆ ನಂಜನಗೂಡಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಅಂದರೆ ರುದ್ರಾಣಿ. ಅಪ್ಪನ ಹೆಸರಿಗಿಂತ ಒಂದು ರಕಾರ ಕಡಿಮೆಯಾಯಿತು ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟೆ, ಮರುಕ್ಷಣವೇ ನಾಚಿಕೆಯಾಯಿತು. ಎತ್ತಿಕೊಂಡಾಗ ಆ ಪುಟ್ಟ ಕಿವಿ ಕಂಡಿತು. ಅದರಲ್ಲಿ ಬೀಳುವ ಮೊದಲ ಹೆಸರು ಕೊಳೆಯಾಗಿರಬಾರದು ಎನ್ನಿಸಿತು.

ನಾಮಕರಣಕ್ಕೆ ಮೂರು ದಿನವಿರುವಾಗ ಬಂದ ಭಾನುವಾರ ಪಂಡಿತರು ಮಂಡಿನೋವೆಂದು ಬರಲಿಲ್ಲ. ನಾನೊಬ್ಬನೇ ಕೂತು, ಮಗು ಆಕಳಿಸುವುದು ಹೇಗೆ, ಮುಷ್ಟಿ ಹಿಡಿಯುವುದು ಹೇಗೆ ಎಂದು ಸಾಹೇಬರಿಗೆ ವರ್ಣಿಸುತ್ತಿದ್ದೆ. ಅವರು, “ನಡೀರಿ, ಒಂದ್ಸಲ ಹೇಳಿ ನೋಡಿ,” ಎಂದರು. ಮನಸ್ಸು ಮಗುವಿನಲ್ಲಿತ್ತು, ನಾಲಿಗೆಯ ಯೋಚನೆಯೇ ಇರಲಿಲ್ಲ. ಉಸಿರು ಬಿಟ್ಟೆ. ಹಲ್ಲಿನ ಹಿಂದೆ ಏನೋ ಪಟಪಟನೆ ಬಡಿಯಿತು. “ಟುರ್ರ್ರ್!”

ಕುದುರೆ ಹೊರಟಿತು.

ಸಾಹೇಬರು “ಹೋ” ಎಂದು ನಿಲ್ಲಿಸಿ, ಕೆಳಗಿಳಿದು, ಜೇಬಿನಿಂದ ಒಂದು ದೊಡ್ಡ ಉಂಡೆ ಬೆಲ್ಲ ತೆಗೆದರು. ನನಗಿರಬೇಕೆಂದು ಕೈ ಚಾಚಿದೆ. ಅವರು ಕುದುರೆಯ ಬಾಯಿಗೆ ಹಿಡಿದರು. “ಪಾಪ, ಇಷ್ಟು ದಿನ ತಡ್ಕೊಂಡಿತ್ತು.”

ನಾಮಕರಣ

ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಅವತ್ತೇ ಗೊತ್ತಾಗಲಿ ಎಂದು ಆಸೆ. ಸಾಹೇಬರಿಂದಲೂ ಮಾತು ತೆಗೆದುಕೊಂಡು, ನಾಮಕರಣಕ್ಕೆ ಬನ್ನಿ, ಬರುವಾಗ ಪಂಡಿತರನ್ನೂ ಕೂರಿಸಿಕೊಂಡು ಬನ್ನಿ ಎಂದಿದ್ದೆ.

ಬಾಣಂತಿಯನ್ನೂ ಮಗುವನ್ನೂ ನಂಜನಗೂಡಿನಿಂದ ಕರೆತಂದಿದ್ದರು. ಮನೆ ತುಂಬ ಜನ. ಬೀದಿಗೆ ತೆರೆದ ಕಿಟಕಿಯ ಪಕ್ಕದಲ್ಲಿ ಹಸೆ ಹಾಕಿ ನನ್ನನ್ನೂ ಹೆಂಡತಿಯನ್ನೂ ಕೂರಿಸಿದ್ದರು. ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಮಠದಿಂದ ಬಂದಿದ್ದ ಅಯ್ಯನವರು ವಿಭೂತಿ ಇಟ್ಟು, “ಹೆಸರು ಹೇಳಪ್ಪ, ಹೊತ್ತಾಯ್ತು,” ಎಂದರು. ಅದೇ ಹೊತ್ತಿಗೆ ಜಟಕಾ ಬಂದು ಕಿಟಕಿಯ ಹೊರಗೇ ನಿಂತಿತು. ಸಾಹೇಬರು ಹಣ್ಣಿನ ತಟ್ಟೆ ಹಿಡಿದು ಒಳಗೆ ಬಂದರು. ಪಂಡಿತರು ಇನ್ನೂ ಗಾಡಿಯೊಳಗೆ ಕೂತು ಕೋಲು, ಪಂಚೆ, ಮಂಡಿ ಒಂದೊಂದನ್ನೇ ಹೊಂದಿಸಿಕೊಳ್ಳುತ್ತಿದ್ದರು.

ಅಮ್ಮ ನನ್ನ ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿದಳು. “ಉಮಾ ಅಂತ ಹೇಳು ಕಣೋ.”

ನಾನು ಬೆಚ್ಚಿ ನೋಡಿದೆ. ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಆಗಲೇ ‘ಉಮಾ’ ಎಂದು ಬರೆದಿತ್ತು. ಬರೆದವಳು ನನ್ನ ಹೆಂಡತಿ.

“ಏನಮ್ಮಾ ಇದು?”

“ಉಮಾ ಅಂದ್ರೂ ಆ ದೇವೀನೇ, ರುದ್ರಾಣಿ ಅಂದ್ರೂ ಆ ದೇವೀನೇ ಅಲ್ವೇನೋ? ಇಷ್ಟು ಜನದ ಮುಂದೆ ನೀನು ಒದ್ದಾಡೋದು ನಂಗೆ ನೋಡಕ್ಕಾಗಲ್ಲ. ನಾವಿಬ್ರೂ ಮಗು ಹುಟ್ಟಿದ ದಿನಾನೇ ಮಾತಾಡ್ಕೊಂಡ್ವಿ. ನಿಮ್ಮಪ್ಪ ಇದ್ದಿದ್ರೂ ಹೀಗೇ ಅಂತಿದ್ರು.”

ಹೆಂಡತಿ ಸೆರಗಿನ ಮರೆಯಿಂದ ತಲೆ ಆಡಿಸಿದಳು. ಹತ್ತು ವರ್ಷದಿಂದ ಅಮ್ಮ ಹೊತ್ತುಕೊಂಡಿದ್ದ ಒಂದೇ ಒಂದು ಆಸೆ. ಅದನ್ನು ನನಗೋಸ್ಕರ ಸದ್ದಿಲ್ಲದೆ ಕೆಳಗಿಟ್ಟಿದ್ದಳು. ಆಗ ನನ್ನ ಗಂಟಲಿಗೆ ಬಂದು ಕೂತದ್ದು ರಕಾರವಲ್ಲ, ಅಳು.

ಸಾಹೇಬರು ಬಾಗಿಲ ಬಳಿ ನಿಂತು, ಹಣ್ಣಿನ ತಟ್ಟೆಯ ಮೇಲಿನಿಂದ ನನಗೆ ಕೈಸನ್ನೆ ಮಾಡಿದರು. ಸಡಿಲ ಬಿಡಿ. ಬಾಗಿ, ಮಗಳ ಬಲಗಿವಿಯಲ್ಲಿ ಮೆತ್ತಗೆ ಹೇಳಿದೆ.

“ರುದ್ರಾಣಿ.”

ಹೆಂಡತಿಗೆ ಕೇಳಿಸಿತು. ಥಟ್ಟನೆ ನನ್ನ ಮುಖ ನೋಡಿದಳು. ಎರಡನೆಯ ಸಲ ಇನ್ನೊಂದಿಷ್ಟು ಧೈರ್ಯ ಬಂತು. “ರುದ್ರಾಣಿ.”

ಅಮ್ಮ ನನ್ನ ಭುಜ ಹಿಡಿದುಕೊಂಡಳು. “ಏನಂದೆ? ಏನಂದ್ಯೋ? ಜೋರಾಗಿ ಹೇಳೋ, ನಂಗೂ ಕೇಳ್ಲಿ!”

ಮೂವತ್ತು ವರ್ಷದ್ದನ್ನೆಲ್ಲ ಸೇರಿಸಿ ಮೂರನೆಯ ಸಲ ಹೇಳಿದೆ. ಮನೆಯ ಜಂತಿಗೆ ಕೇಳುವ ಹಾಗೆ, ಅಪ್ಪ ಎಲ್ಲಿದ್ದರೂ ಕೇಳುವ ಹಾಗೆ.

“ರ್ರ್ರ್ರುದ್ರಾಣಿ!”

ಮಗು ಕಣ್ಣು ಬಿಟ್ಟಿತು. ಅಮ್ಮ ಅಳತೊಡಗಿದಳು. ಕಿಟಕಿಯ ಹೊರಗೆ ಗೆಜ್ಜೆ ಝಣ್ ಎಂದಿತು, ಗಾಲಿ ಗಡಗಡ ಎಂದಿತು. ಸಾಹೇಬರು ಕೂಗುವ ಮೊದಲೇ ಕುದುರೆ ಅಗ್ರಹಾರದ ತಿರುವಿನ ಕಡೆ ಓಡಿತ್ತು. ಗಾಡಿಯ ಹಿಂಬದಿಯಲ್ಲಿ ಪಂಡಿತರು ಎರಡೂ ಕೈ ಮೇಲೆತ್ತಿ, ನಮ್ಮ ಕಡೆಗೇ ಮುಖ ಮಾಡಿಕೊಂಡು ದೂರವಾಗುತ್ತಿದ್ದರು. ದನಿ ಮಾತ್ರ ತೇಲಿ ಬಂತು.

“ಬಂತು ಕಣಯ್ಯಾ! ಶಕಟರೇಫ ಬಂತು ಕಣಯ್ಯಾಆಆ!”

ಸಾಹೇಬರು ಹಣ್ಣಿನ ತಟ್ಟೆ ಹಿಡಿದೇ ತಿರುವಿನ ತನಕ ಹಿಂದೆ ಓಡಿ, ಏದುಸಿರು ಬಿಡುತ್ತಾ ವಾಪಸು ಬಂದರು. ಕುದುರೆ ತನಗೆ ಅಭ್ಯಾಸವಾಗಿದ್ದ ಭಾನುವಾರದ ದಾರಿ ಹಿಡಿದಿತ್ತು. ಅರಮನೆಯ ಸುತ್ತ ಮೂರು ಸುತ್ತು, ಒಂದೂ ಕಡಿಮೆ ಇಲ್ಲ. ಎಲ್ಲ ಮುಗಿಸಿ ತಾನಾಗಿಯೇ ನಮ್ಮ ಬಾಗಿಲಿಗೆ ಬಂದು ನಿಂತಾಗ ಎಲೆ ಹಾಕಿ ಪಾಯಸ ಬಡಿಸುತ್ತಿದ್ದರು. ಪಂಡಿತರ ಕೂದಲೆಲ್ಲ ನೆಟ್ಟಗೆ ಎದ್ದು ನಿಂತಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ. ಬಂದವರೇ ನನ್ನ ಬೆನ್ನು ತಟ್ಟಿ, ಮಗುವನ್ನು ಹರಸಿ, ಸಾಹೇಬರ ಪಕ್ಕದ ಎಲೆಗೆ ಕೂತರು.

ಅಮ್ಮ ಅವರಿಗೆ ಎರಡನೆಯ ಸಲ ಪಾಯಸ ಬಡಿಸುತ್ತಾ ಕೇಳಿದಳು. “ಅಲ್ಲಾ ಪಂಡಿತ್ರೇ, ಅದು ‘ಹೋ’ ಅಂದ್ರೆ ನಿಲ್ಲುತ್ತೆ ಅಂತ ನಿಮಗೆ ಗೊತ್ತಿತ್ತಲ್ಲ. ನೀವೇ ಒಂದ್ಸಲ ಅನ್ನಬಾರ್ದಾಗಿತ್ತಾ?”

“ಅಂದೆ ಕಣಮ್ಮಾ! ಮೂರು ಸುತ್ತೂ ಅದನ್ನೇ ಅಂದೆ. ಗಂಟಲು ಅರಿಯೋ ಅಂಗೆ ‘ಓ... ಓ...’ ಅಂತ ಕೂಗ್ದೆ. ಆ ಕುದುರೆ ಕೇಳಬೇಕಲ್ಲ!”

ಪಂಕ್ತಿಯಲ್ಲಿದ್ದವರೆಲ್ಲ ಎಲೆಯ ಮೇಲೆ ಬಗ್ಗಿ ಪಾಯಸ ತಿನ್ನತೊಡಗಿದರು. ಮೂವತ್ತು ವರ್ಷ ಅವರಿಗೆ ಯಾರೂ ಹೇಳದೆ ಉಳಿಸಿದ್ದ ಮಾತು ಸಾಹೇಬರ ಎಲೆಯ ಕಡೆಯಿಂದ ಬಂತು. ಅವರು ಪಾಯಸದ ಕೈಯನ್ನು ಒರೆಸಿಕೊಂಡು, ತುಂಬ ಮರ್ಯಾದೆಯಿಂದ ಪಂಡಿತರ ಕಡೆ ತಿರುಗಿದರು.

“ಮೇಷ್ಟ್ರ ಪಾಠ ಮುಗೀತು ಸ್ವಾಮೀ. ಬರೋ ಭಾನುವಾರದಿಂದ ‘ಹೋ’ ಅನ್ನೋದು ಕಲಿಯೋಕೆ ನೀವು ಮುಂದೆ ಕೂತ್ಕೊಳ್ಳಿ.”